ಕೋಟಿಗೊಂದು ಕಾಜ

ಅಂಗಡಿ ಮೇಲಿನ ಮನೆ,
ಹದಿನಾಲ್ಕನೇ ತಾರೀಖು, ಬುಧವಾರ

ಪ್ರೀತಿಯ ಅಮ್ಮಾ,

ಮೊದಲು ನಿನ್ನ ಮಂಡಿಯ ಸಮಾಚಾರ ಬರಲಿ. ಅಕ್ಕನ ಮನೆಯ ಮೆಟ್ಟಿಲು ನೋಡಿದರೆ ಅದನ್ನು ಕಟ್ಟಿದವನು ಮೊದಲು ಏಣಿ ಮಾರುತ್ತಿದ್ದನೇನೋ ಅನ್ನಿಸುತ್ತದೆ. ದಿನಕ್ಕೊಮ್ಮೆ ಹತ್ತು, ದಿನಕ್ಕೊಮ್ಮೆ ಇಳಿ. ನಡುವೆ ಏನಾದರೂ ಬೇಕಾದರೆ ಭಾವನನ್ನು ಓಡಿಸು, ಅವರ ಹೊಟ್ಟೆಗೂ ಒಳ್ಳೆಯದು. ಪಾಪುವಿಗೆ ಮೂರನೇ ಹಲ್ಲು ಬಂತಂತೆ, ಬಂದ ಕೂಡಲೇ ನಿನ್ನ ಬೆರಳಿನ ಮೇಲೆ ಪರೀಕ್ಷೆಯೂ ಆಯಿತಂತೆ. ಫೋನಿದ್ದೂ ಪತ್ರ ಯಾಕೆ ಅನ್ನಬೇಡ. ಫೋನಿನಲ್ಲಿ ನೀನು ಆಡುವುದು ಎರಡೇ ಮಾತು, ‘ಹೂಂ’ ಮತ್ತು ‘ಇಡ್ತೀನಿ’. ಪತ್ರವನ್ನು ಹಾಗೆ ನಡುವೆ ಇಡಲು ನಿನ್ನ ಕೈಲಿ ಆಗುವುದಿಲ್ಲ, ದಾರದ ತುದಿಗೆ ಗಂಟು ಬೀಳುವವರೆಗೂ ಬಿಡದ ಹೆಂಗಸು ನೀನು.

ನಾನು ಚೆನ್ನಾಗಿದ್ದೇನೆ. ಅಪ್ಪನೂ ಚೆನ್ನಾಗಿದ್ದಾರೆ, ಅಂದರೆ, ಚೆನ್ನಾಗಿಲ್ಲ ಅನ್ನುವುದನ್ನು ಚೆನ್ನಾಗಿ ಮುಚ್ಚಿಡುತ್ತಿದ್ದಾರೆ. ಅಡುಗೆ ಅವರದೇ. ಹಾಕಿದ್ದು ಮರೆತು ಎರಡನೇ ಸಲ ಉಪ್ಪು ಹಾಕುತ್ತಾರೆ, ಹಾಕಿಯಾಯಿತು ಅಂದುಕೊಂಡು ಮಾರನೇ ದಿನ ಹಾಕುವುದೇ ಇಲ್ಲ. ವಾರದ ಸರಾಸರಿ ತೆಗೆದರೆ ಉಪ್ಪು ಸರಿಯಾಗಿಯೇ ಇದೆ. ಪಾಪುವನ್ನು ನೋಡಿಕೊಂಡು ನಾಲ್ಕು ದಿನಕ್ಕೆ ಬರುತ್ತೇನೆ ಅಂತ ಹೋದವಳು ಎರಡು ತಿಂಗಳಾದರೂ ಬರಲಿಲ್ಲವಲ್ಲ ಅಂತ ಅಕ್ಕಪಕ್ಕದವರು ಕೇಳಿದರೆ, ಅಪ್ಪ “ಮಗು ಬಿಡ್ತಾ ಇಲ್ಲ” ಅನ್ನುತ್ತಾರೆ. ಮೂರು ಹಲ್ಲಿನ ಮಗು ಇಷ್ಟು ಗಟ್ಟಿಯಾಗಿ ಹಿಡಿದುಕೊಂಡಿರುವುದು ಊರಿಗೆಲ್ಲ ಆಶ್ಚರ್ಯ.

ಆ ಬೆಳಗಿನ ವಿಷಯ ಎತ್ತುವುದಿಲ್ಲ ಅಂದುಕೊಂಡೇ ಕೂತೆ. ಆದರೆ ಎತ್ತದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ, ಅದಕ್ಕೇ ಸೂಜಿಯಲ್ಲಿ ಎತ್ತುವಷ್ಟೇ ಎತ್ತುತ್ತೇನೆ. ಗಾಲ್ಫ್ ಕ್ಲಬ್ಬಿನವರು ತಮ್ಮ ಚಾಂಪಿಯನ್‌ಶಿಪ್ಪಿನ ಚರಿತ್ರೆಯನ್ನು ಪುಸ್ತಕ ಮಾಡಬೇಕು ಅಂತ ನನ್ನ ಹತ್ತಿರ ಬಂದದ್ದು ನಿನಗೆ ನೆನಪಿದೆ. ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡುವವಳು, ಮೇಲಾಗಿ ಕ್ಲಬ್ಬಿನ ಕೋಟನ್ನು ನೋಡಿಕೊಳ್ಳುವ ದರ್ಜಿಯ ಮಗಳು, ಹೀಗೆ ಎರಡೂ ಒಂದೇ ಜಾಗದಲ್ಲಿ ಸಿಕ್ಕಿದ್ದಕ್ಕೆ ಅವರಿಗೆ ಖುಷಿಯೋ ಖುಷಿ. ತಿಂಡಿ ತಿನ್ನುತ್ತಾ ಅಪ್ಪನನ್ನು ಕೇಳಿದೆ: ಕೋಟಿನ ಬಗ್ಗೆ ಬರೆದೆ, ಗುಂಡಿಗಳ ಬಗ್ಗೆ ಬರೆದೆ, ಗುಂಡಿ ತೂರುವ ಕಾಜದ ಬಗ್ಗೆ ಏನು ಬರೆಯಲಿ? ಅಪ್ಪ ಬಾಯಲ್ಲಿ ತುತ್ತಿಟ್ಟುಕೊಂಡೇ ಅಂದರು, “ಕಾಜದ್ದೇನೇ ಬರೀತೀಯ? ತೂತು ತಾನೇ!” ನೀನು ಚಮಚ ಕೆಳಗಿಟ್ಟೆ. “ಹೌದು ರೀ, ತೂತು ತಾನೇ” ಅಂದೆ. ಎಷ್ಟು ಮೆತ್ತಗೆ ಅಂದೆ ಅಂದರೆ, ನನಗೆ ಆಗಲೇ ಭಯವಾಯಿತು. ಊಟದ ಹೊತ್ತಿಗೆ ನಿನ್ನ ಪೆಟ್ಟಿಗೆ ತುಂಬಿತ್ತು. ಅಪ್ಪನಿಗೆ ಇವತ್ತಿಗೂ ತಾವು ಆಡಿದ ಮಾತಿನಲ್ಲಿ ತೂತು ಎಲ್ಲಿತ್ತು ಅಂತ ಗೊತ್ತಾಗಿಲ್ಲ ಅಂತ ನೀನು ತಿಳಿದಿದ್ದರೆ, ಮುಂದೆ ಓದು.

ಒಂದು ಅಧ್ಯಾಯ ಬಿಟ್ಟು ಚರಿತ್ರೆ ಬರೆದು ಮುಗಿಸಿದ್ದೇನೆ, ನಿನಗೆ ತೋರಿಸದೆ ಅಚ್ಚಿಗೆ ಕೊಡುವುದಿಲ್ಲ. ಇದೆಲ್ಲ ನಿನಗೆ ಗೊತ್ತಿರುವುದೇ. ಆದರೆ ಪ್ರತಿ ಸಲವೂ ಕಾಜ ಮಾಡುತ್ತಾ ತಲೆ ಬಗ್ಗಿಸಿ ಅರ್ಧ ಕಿವಿಯಲ್ಲಿ ಕೇಳಿದ್ದೀಯ. ಈಗ ಕೈ ಖಾಲಿ ಇದೆ, ಪೂರ್ತಿ ಕೇಳು.

ಅಜ್ಜನ ಮೀಸೆ ಇನ್ನೂ ಕಪ್ಪಗಿದ್ದ ಕಾಲ. ರೈಲು ಹಳಿಯ ಪಕ್ಕದ ಕುರಿ ಮೇಯುವ ಬಯಲಿನಲ್ಲಿ ಒಬ್ಬ ಡಾಕ್ಟರು ಮತ್ತು ಒಬ್ಬ ಸ್ಟೇಷನ್ ಮಾಸ್ತರು ಖಾಲಿ ಡಬ್ಬಗಳನ್ನು ನೆಲಕ್ಕೆ ಹೂತು, ಅದರೊಳಗೆ ಚೆಂಡು ಬೀಳಿಸುವ ಆಟ ಶುರು ಮಾಡಿದರು. ಮೊದಲ ಪಂದ್ಯದಲ್ಲಿ ಡಾಕ್ಟರು ಬೀಸಿದ ಚೆಂಡು ನೇರ ಹೋಗಿ ಗೂಡ್ಸ್ ಗಾಡಿಯೊಳಗೆ ಬಿತ್ತು. ಸ್ಟೇಷನ್ ಮಾಸ್ತರು ಆಟದ ನಡುವೆಯೇ ಓಡಿಹೋಗಿ, ಹಸಿರು ಬಾವುಟ ತೋರಿಸಿ ಗಾಡಿ ಕಳಿಸಿಬಿಟ್ಟರು. ಒಂದು ಹೊಡೆತ ಹೆಚ್ಚಾದರೆ ಅದಕ್ಕೆ ‘ಬೋಗಿ’ ಅನ್ನುವುದು ಗಾಲ್ಫ್ ಆಡುವ ಊರುಗಳಲ್ಲೆಲ್ಲ ಇದೆ. ಬೋಗಿಯೇ ಚೆಂಡನ್ನು ಹೊತ್ತುಕೊಂಡು ಊರು ಬಿಟ್ಟದ್ದು ನಮ್ಮಲ್ಲಿ ಮಾತ್ರ. ಸ್ಟೇಷನ್ ಮಾಸ್ತರು ಗೆದ್ದರು. ಅಷ್ಟರಲ್ಲಿ ಮಳೆ ಬಂದು ಗಡಗಡ ನಡುಗತೊಡಗಿದರು. ಡಾಕ್ಟರು ತಮ್ಮ ಬದನೆಕಾಯಿ ಬಣ್ಣದ ಕೋಟು ಬಿಚ್ಚಿ ಗೆದ್ದವರಿಗೆ ಹೊದಿಸಿದರು: “ನಿಮಗೆ ಶೀತ ಆದ್ರೆ ಔಷಧಿ ಕೊಡಬೇಕಾದೋನು ನಾನೇ ತಾನೇ?” ಆ ಕೋಟಿನ ಎದೆಯ ಗುಂಡಿ ಆಟದಲ್ಲೆಲ್ಲೋ ಉದುರಿಹೋಗಿತ್ತು. ಸ್ಟೇಷನ್ ಮಾಸ್ತರು ಕೋಟನ್ನು ಅಜ್ಜನ ಹತ್ತಿರ ತಂದು, ತಮ್ಮ ಅಳತೆಗೆ ಹಿಡಿಸಿ, ತಮ್ಮ ರೈಲ್ವೆ ಅಂಗಿಯ ಹಿತ್ತಾಳೆ ಗುಂಡಿಯನ್ನೇ ಎದೆಗೆ ಹೊಲಿಸಿಕೊಂಡರು. ಮುಂದಿನ ವರ್ಷ ಡಾಕ್ಟರು ಗೆದ್ದರು, ಕೋಟು ವಾಪಸು ಬಂತು, ಅಜ್ಜ ಹೊಲಿಗೆ ಬಿಚ್ಚಿ ಅಗಲ ಮಾಡಿದರು. ಡಾಕ್ಟರು ಹಿತ್ತಾಳೆ ಗುಂಡಿಯನ್ನು ತೋಳಿಗೆ ದಾಟಿಸಿ, ಎದೆಗೆ ತಮ್ಮದೊಂದು ಹಾಕಿಸಿದರು. ಅಷ್ಟೇ, ನಿಯಮವಾಯಿತು. ಕೋಟು ಒಂದೇ, ಗೆದ್ದವರ ಮೈಗೆ ಅದು ಬಗ್ಗಬೇಕು, ಗೆದ್ದವರ ಗುಂಡಿ ಎದೆಯ ಮೇಲೆ, ಹಳಬರದು ತೋಳಿಗೆ, ಬೆನ್ನಿಗೆ, ಕಾಲರಿಗೆ. ನನ್ನ ಪುಸ್ತಕದ ಮೊದಲ ವಾಕ್ಯ ಇಗೋ: “ಹುಲ್ಲಿನಲ್ಲೂ ಗುಂಡಿ, ಕೋಟಿನಲ್ಲೂ ಗುಂಡಿ, ಅದರಲ್ಲಿ ಚೆಂಡು ಬೀಳಿಸಿದವರಿಗೆ ಇದನ್ನು ಬೀಳದಂತೆ ಹೊಲಿಸಿಕೊಳ್ಳುವ ಹಕ್ಕು.” ಕ್ಲಬ್ಬಿನ ಅಧ್ಯಕ್ಷರಿಗೆ ವಾಕ್ಯ ಹಿಡಿಸಲಿಲ್ಲ. ಗಾಂಭೀರ್ಯ ಕಡಿಮೆ ಅಂದರು. ಕೋಟಿನ ಬಣ್ಣವನ್ನು ‘ಬದನೆಕಾಯಿ’ ಅನ್ನದೆ ‘ರಾಜನೇರಳೆ’ ಅನ್ನಬೇಕಂತೆ. ಆಗಲಿ, ನೇರಳೆಯೂ ಬದನೆಯೂ ನನಗೆ ಭೇದವಿಲ್ಲ ಅಂದೆ.

ಆಮೇಲಿನ ಚರಿತ್ರೆ ಅಂದರೆ ಊರಿನ ಹೊಟ್ಟೆಗಳ ಏರಿಳಿತ. ‘ಪೀಪಾಯಿ’ ಅಂತಲೇ ಹೆಸರಾಗಿದ್ದ ಕಂತ್ರಾಟುದಾರ ಮೂರು ವರ್ಷ ಸತತವಾಗಿ ಗೆದ್ದು, ವರ್ಷ ವರ್ಷವೂ ಗೆಲುವಿನ ಊಟ ಉಂಡು, ಅಜ್ಜನ ಹತ್ತಿರ ಬಿಚ್ಚಲು ಹೊಲಿಗೆಯೇ ಉಳಿಯದಂತೆ ಮಾಡಿದ. ನಾಲ್ಕನೇ ವರ್ಷ ಗೆದ್ದವರು ‘ಕಡ್ಡಿ ಮೇಷ್ಟ್ರು’. ಕೋಟಿನ ಒಂದು ಬದಿ ಇನ್ನೊಂದು ಬದಿಯನ್ನು ಹುಡುಕಿಕೊಂಡು ಬೆನ್ನಿನವರೆಗೂ ಹೋಯಿತಂತೆ. ಆದರೂ ಅಜ್ಜ ಕತ್ತರಿ ಹಾಕಲಿಲ್ಲ, ಮಿಕ್ಕ ಬಟ್ಟೆಯನ್ನೆಲ್ಲ ಒಳಗೇ ಮಡಿಸಿದರು. “ಮುಂದಿನ ವರ್ಷ ಪೀಪಾಯಿ ಮತ್ತೆ ಉರುಳಿ ಬಂದರೆ?” ಅಂತ ಅವರ ವಾದ. ಒಂದು ವರ್ಷ ಕ್ಷೌರಿಕನೂ ಔಷಧಿ ಅಂಗಡಿಯವನೂ ಸಮಸಮ ಬಂದು, ಆರಾರು ತಿಂಗಳು ಕೋಟು ಹಂಚಿಕೊಂಡರು. ಚಳಿಗಾಲ ಔಷಧಿಯವನ ಪಾಲಿಗೆ ಬಿತ್ತು. ಕ್ಷೌರಿಕ ಹಟ ಬಿಡದೆ ಸೆಕೆಯಲ್ಲೂ ಕೋಟು ತೊಟ್ಟು ಕತ್ತರಿ ಆಡಿಸಿ, ಗಿರಾಕಿಯ ತಲೆಯ ಮೇಲೇ ತಲೆ ಸುತ್ತಿ ಬಿದ್ದ. ಇನ್ನೊಂದು ವರ್ಷ ನೆರೆ ಬಂದು ಬಯಲಿಗೆ ಬಯಲೇ ಕೆರೆಯಾಯಿತು, ಪಂದ್ಯವೇ ನಡೆಯಲಿಲ್ಲ. ಕ್ಲಬ್ಬಿನ ಹಲಗೆಯ ಮೇಲೆ ಆ ವರ್ಷದ ಮುಂದೆ ಖಾಲಿ ಗೆರೆ ಇದೆ. ಕೋಟು ಮಾತ್ರ ಆ ವರ್ಷವೆಲ್ಲ ನಮ್ಮ ಅಂಗಡಿಯ ಮರದ ಗೊಂಬೆಯ ಮೈಮೇಲಿತ್ತು, ಅಜ್ಜ ಗೊಂಬೆಯ ಕುತ್ತಿಗೆಯ ಬಿರಡೆಯಿಂದಲೇ ಒಂದು ಗುಂಡಿ ಕೆತ್ತಿ ಎದೆಗೆ ಹೊಲಿದುಬಿಟ್ಟರು. ಅದು ಈಗಲೂ ಎಡತೋಳಿನ ಮೇಲಿದೆ. ನಾವು ಮನೆಯಲ್ಲಿ ಗೊಂಬೆಯನ್ನು ಮಾಜಿ ಚಾಂಪಿಯನ್ ಅಂತ ಕರೆಯುವುದು ಅಧ್ಯಕ್ಷರಿಗೆ ಗೊತ್ತಿಲ್ಲ. ಸೋಲಲು ಯಾರೂ ಇರಲಿಲ್ಲ ಅನ್ನುವುದನ್ನು ಬಿಟ್ಟರೆ ಅದರ ಗೆಲುವಿನಲ್ಲಿ ಕೊರತೆಯೇನಿಲ್ಲ.

ಇಷ್ಟು ಬರೆದು ನಿಲ್ಲಿಸಿ ಕೋಟನ್ನು ಮಡಿಲಲ್ಲಿಟ್ಟುಕೊಂಡು ನೋಡಿದೆ ಅಮ್ಮಾ. ಒಬ್ಬೊಬ್ಬರ ಗುಂಡಿ ಒಂದೊಂದು ಗಾತ್ರ. ಸಂಗೀತದ ಟೀಚರಿನದು ಮೀನಿನ ಕಣ್ಣಿನಷ್ಟು ಸಣ್ಣ ಮುತ್ತಿನ ಗುಂಡಿ, ಪೀಪಾಯಿಯದು ಬಿಸ್ಕತ್ತಿನಷ್ಟು. ಗುಂಡಿ ಬದಲಾದಾಗೆಲ್ಲ ಎದುರಿನ ಕಾಜವೂ ಬದಲಾಗಬೇಕು. ಹಳೆಯ ಕಾಜವನ್ನು ಎಳೆ ಎಳೆ ಹಿಡಿದು ಮುಚ್ಚಿ, ಅದೇ ಜಾಗದಲ್ಲಿ ಹೊಸದನ್ನು ಬಿಡಿಸಿ ಅಂಚು ಕಟ್ಟಬೇಕು. ಮೊದಲು ಅಜ್ಜಿ, ಆಮೇಲೆ ನೀನು. ನಾನು ಭೂತಗನ್ನಡಿ ಹಿಡಿದು ಹುಡುಕಿದೆ, ಇಷ್ಟು ವರ್ಷದ ಮುಚ್ಚಿದ ಕಾಜಗಳಲ್ಲಿ ಒಂದರ ಗುರುತೂ ಸಿಗಲಿಲ್ಲ. ಗುಂಡಿ ಎಲ್ಲರಿಗೂ ಕಾಣುತ್ತದೆ, ಅದರ ಹಿಂದೆ ಒಂದು ಹೆಸರಿರುತ್ತದೆ, ಫೋಟೋದಲ್ಲಿ ಹೊಳೆಯುತ್ತದೆ. ಕಾಜಕ್ಕೆ ಕಾಣದಿರುವುದೇ ಕಸುಬು. ಇಂಥ ಕಸುಬಿನವರ ಚರಿತ್ರೆ ಬರೆಯುವುದು ಹೇಗೆ ಅಂತ ಯಾವ ಕಾಲೇಜೂ ನನಗೆ ಕಲಿಸಿಲ್ಲ.

ಈಗ ನಿಜವಾದ ಸುದ್ದಿಗೆ ಬರುತ್ತೇನೆ. ಈ ಸಲದ ಚಾಂಪಿಯನ್ ಯಾರು ಗೊತ್ತಾ? ನಿನ್ನನ್ನು ರೈಲಿಗೆ ಬಿಟ್ಟ ಬಸ್ಸಿನ ಡ್ರೈವರಕ್ಕ! ಹೆಂಗಸರಿಗೂ ಪಂದ್ಯ ತೆರೆದು ವರ್ಷಗಳಾದರೂ ಇದುವರೆಗೆ ಒಬ್ಬರೂ ಕೊನೆಯ ಸುತ್ತು ಮುಟ್ಟಿರಲಿಲ್ಲ. ಈಕೆ ಹೋದ ವರ್ಷದ ಚಾಂಪಿಯನ್ ಹಲ್ಲಿನ ಡಾಕ್ಟರನ್ನೇ ಎದುರಿಗೆ ನಿಲ್ಲಿಸಿಕೊಂಡಳು. ಎಲ್ಲಕ್ಕಿಂತ ದೂರ ಹೊಡೆಯುವ ಕೋಲಿಗೆ ಆಟದಲ್ಲಿ ಡ್ರೈವರ್ ಅಂತ ಹೆಸರು. ಡ್ರೈವರ್ ಕೈಗೆ ಡ್ರೈವರ್ ಬಂದಾಗ ಚೆಂಡು ಟಿಕೆಟ್ ತೆಗೆದುಕೊಂಡ ಹಾಗೆ ಹೋಗಿ ತನ್ನ ಸ್ಟಾಪಿನಲ್ಲೇ ಇಳಿಯುತ್ತಿತ್ತು. ಅವಳ ಬಸ್ಸಿನ ಪ್ರಯಾಣಿಕರೆಲ್ಲ ಬಂದಿದ್ದರು. ಪ್ರತಿ ಹೊಡೆತಕ್ಕೂ “ರೈಟ್! ರೈಟ್!” ಅಂತ ಕೂಗು. ಅಧ್ಯಕ್ಷರು ಬೆವರೊರೆಸಿಕೊಂಡು, “ಇದು ಗಾಲ್ಫ್ ರೀ, ಬಸ್ ಸ್ಟಾಂಡ್ ಅಲ್ಲ” ಅಂದರೆ, ಒಬ್ಬಳು ಮುದುಕಿ “ಹಂಗಾದ್ರೆ ಕೂರೋಕೆ ಬೆಂಚಾದ್ರೂ ಹಾಕ್ಸಪ್ಪ” ಅಂದಳು. ಕೊನೆಯ ಗುಂಡಿಯಲ್ಲಿ ಡಾಕ್ಟರ ಚೆಂಡು ಅಂಚಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಹೊರಗೇ ಕೂತಿತು. ಗುಂಡಿಗೆ ಬೀಳಿಸುವ ಆ ಮೆಲು ಹೊಡೆತಕ್ಕೆ ಪಟ್ ಅನ್ನುತ್ತಾರೆ; ಪಟ್ ತಪ್ಪಿ ಪಟ್ಟ ಹೋಯಿತು. ಡ್ರೈವರಕ್ಕ ಬ್ರೇಕ್ ಒತ್ತಿದಷ್ಟು ಮೃದುವಾಗಿ ತನ್ನ ಚೆಂಡನ್ನು ಒಳಗೆ ಬಿಟ್ಟಳು.

ಅಪ್ಪ ಎಂದಿನಂತೆ ಕೊನೆಯ ಗುಂಡಿಯ ಪಕ್ಕದಲ್ಲೇ ಕೋಟು ಹಿಡಿದು, ಕೊರಳಿಗೆ ಟೇಪು ಹಾಕಿಕೊಂಡು ನಿಂತಿದ್ದರು. ಗೆದ್ದವರ ಅಳತೆಯನ್ನು ಅಲ್ಲೇ, ಎಲ್ಲರ ಎದುರು, ಹುಲ್ಲಿನ ಮೇಲೇ ತೆಗೆಯುವುದು ಪದ್ಧತಿಯಲ್ಲವೇ? ಟೇಪು ಬಿಚ್ಚಿ ಎರಡು ಹೆಜ್ಜೆ ಮುಂದೆ ಬಂದರು. ಎದುರಿಗೆ ಹೆಂಗಸು. ನಿಂತುಬಿಟ್ಟರು. ನಮ್ಮ ಅಂಗಡಿಯಲ್ಲಿ ಹೆಂಗಸರ ಅಳತೆ ತೆಗೆಯುವುದು ಯಾವತ್ತೂ ನೀನು. ಅಪ್ಪ ಅಭ್ಯಾಸಬಲದಿಂದ ಟೇಪನ್ನು ಎಡಗಡೆಗೆ ಚಾಚಿದರು ಅಮ್ಮಾ, ನೀನು ನಿಲ್ಲುವ ಕಡೆಗೆ. ಅಲ್ಲಿ ಕ್ಲಬ್ಬಿನ ಬಾವುಟದ ಕೋಲು ಇತ್ತು. ಜನ ನಕ್ಕರು, ಅಪ್ಪನೂ ನಕ್ಕ ಹಾಗೆ ಮಾಡಿದರು. “ನಮ್ಮವಳು ಊರಲ್ಲಿಲ್ಲ” ಅಂದರು, ಅಷ್ಟು ಜನಕ್ಕೆ ಕೇಳಿಸುವ ಅಗತ್ಯವಿಲ್ಲದಷ್ಟು ಜೋರಾಗಿ. ಕೊನೆಗೆ ಟೇಪು ನನ್ನ ಕೈಗೆ ಬಂತು. ನಾನು ಅದನ್ನು ಹಿಂದುಮುಂದಾಗಿ ಹಿಡಿದು ಓದಿದೆ. ನನ್ನ ಅಳತೆಯ ಪ್ರಕಾರ ಡ್ರೈವರಕ್ಕನ ಸೊಂಟ ಅವಳ ಬಸ್ಸಿನದಕ್ಕಿಂತ ಸ್ವಲ್ಪವೇ ಕಡಿಮೆ.

ಡ್ರೈವರಕ್ಕ ತನ್ನ ಗುಂಡಿ ಕೊಟ್ಟಳು. ದುಂಡಗೆ, ದಪ್ಪಗೆ, ನಾಲ್ಕು ತೂತಿನ ಕರಿ ಗುಂಡಿ. ಥೇಟ್ ಸ್ಟೀರಿಂಗ್ ಚಕ್ರದ ಮರಿ. ಜೊತೆಗೆ ಒಂದು ಮಾತೂ ಕೊಟ್ಟಳು. ಗಂಡಸರ ಕೋಟು ಒಂದು ಕಡೆಗೆ ಮುಚ್ಚುತ್ತದೆ, ಹೆಂಗಸರದು ಇನ್ನೊಂದು ಕಡೆಗೆ. ಈ ಕೋಟು ಹುಟ್ಟಿದಾಗಿನಿಂದ ಮುಂದಿನ ಮೂರು ಗುಂಡಿ ಬಲಕ್ಕೆ, ಮೂರು ಕಾಜ ಎಡಕ್ಕೆ. ಅಧ್ಯಕ್ಷರು “ಹೇಗಿದೆಯೋ ಹಾಗೇ ಹಾಕ್ಕೊಳ್ಳಮ್ಮ, ಚರಿತ್ರೆ ಇದು” ಅಂದರು. ಅವಳು, “ಗೆದ್ದೋರ ಮೈಗೆ ಬಗ್ಗೋ ಕೋಟು ಅಂತ ನೀವೇ ತಾನೇ ಬೋರ್ಡ್ ಹಾಕಿರೋದು? ನನ್ನ ಕಡೆಗೆ ಬಗ್ಗಲಿ. ಮತ್ತೆ ಕಾಜ ಆ ಅಮ್ಮನದೇ ಆಗ್ಬೇಕು. ಒಂದ್ಸಲ ಮುಂದಿನ ಸೀಟಲ್ಲಿ ಕೂತು ನನ್ನ ಯೂನಿಫಾರ್ಮ್ ಕಾಜ ಸರಿ ಮಾಡಿಕೊಟ್ಟಿದ್ರು. ಅಂಗಿ ಹರಿದು ಚಿಂದಿ ಆಯ್ತು, ಕಾಜ ಮಾತ್ರ ಹಾಗೇ ಇದೆ” ಅಂದಳು. ಅಪ್ಪ ಗುಂಡಿಯನ್ನು ಜೇಬಿಗೆ ಹಾಕಿಕೊಂಡರು.

ಕಮಿಟಿ ಕೂತಿತು, ಕಾಫಿ ಕುಡಿಯಿತು, ಒಪ್ಪಿತು. ಒಪ್ಪಿದ್ದನ್ನು ಕಾರ್ಯದರ್ಶಿ ಚೀಟಿಯಲ್ಲಿ ಬರೆದು, ಕೆಲಸದವರಿಗೆ ಸೂಚನೆ ಹಾಕುವ ಪೆಟ್ಟಿಗೆಗೆ ಹಾಕಿದರು. ಚೀಟಿಯಲ್ಲಿ ಇದ್ದದ್ದು ಇಷ್ಟು: “ಎಡಗಡೆಯ ಮೂರು ಗುಂಡಿಗಳನ್ನು ಗುರುತು ಸಿಗದಂತೆ ಮುಚ್ಚಿ, ಬಲಗಡೆ ಅದೇ ಅಳತೆಯ ಮೂರು ಹೊಸ ಗುಂಡಿ ಮಾಡತಕ್ಕದ್ದು.” ಪೆಟ್ಟಿಗೆಯನ್ನು ಮೊದಲು ತೆರೆದವನು ಹುಲ್ಲಯ್ಯ. ಹುಲ್ಲಯ್ಯ ನಿನಗೆ ಗೊತ್ತಲ್ಲ, ಮೈದಾನದ ಹುಲ್ಲು ನೋಡಿಕೊಳ್ಳುವವನು, ಹೇಳಿದ ಕೆಲಸವನ್ನು ಹೇಳಿದ ಹಾಗೇ ಮಾಡಿ ಎಲ್ಲರನ್ನೂ ಪೇಚಿಗೆ ಸಿಕ್ಕಿಸುವ ಪ್ರಾಮಾಣಿಕ. ಮೈದಾನದ ಎಡಗಡೆಯ ಮೂರು ಗುಂಡಿಗೆ ಮಣ್ಣು ತುಂಬಿ, ಮೇಲೆ ಹುಲ್ಲು ಹಾಸಿ, ನೀರು ಹಾಕಿ, ಬಲಗಡೆ ಮೂರು ಹೊಸದು ತೋಡಿ, ಬಾವುಟವನ್ನೂ ನೆಟ್ಟುಬಿಟ್ಟ. ಗುರುತು ಸಿಗದಂತೆ ಅಂದರೆ ಗುರುತು ಸಿಗದಂತೆಯೇ! ಭಾನುವಾರ ಬೆಳಿಗ್ಗೆ ಹಲ್ಲಿನ ಡಾಕ್ಟರು ಕೋಲು ಹಿಡಿದು ಗರಗರ ಸುತ್ತುತ್ತಿದ್ದಾರೆ, ಜೀವಮಾನವೆಲ್ಲ ಬಾಯೊಳಗಿನ ಕುಳಿ ಹುಡುಕಿ ಗೆದ್ದವರಿಗೆ ಬಯಲಿನಲ್ಲಿ ಒಂದು ಕುಳಿ ಸಿಗುತ್ತಿಲ್ಲ. “ಇಲ್ಲೇ ಇತ್ತಲ್ರೀ! ನಿನ್ನೆ ಇತ್ತಲ್ರೀ!” ಅಂತ ನೆಲ ತಟ್ಟಿ ತಟ್ಟಿ ನೋಡುತ್ತಿದ್ದರು, ಯಾವ ಹಲ್ಲು ನೋಯುತ್ತೆ ಹೇಳು ಅನ್ನುವವರ ಹಾಗೆ.

ಸಂಜೆ ವಿಚಾರಣೆ. ಅಪ್ಪನನ್ನೂ ಕರೆಸಿದರು, ನಾನು ಚರಿತ್ರೆಕಾರ್ತಿಯ ಹಕ್ಕಿನಿಂದ ಜೊತೆಗೆ ಹೋದೆ. ಹುಲ್ಲಯ್ಯ ಚೀಟಿ ಮುಂದಿಟ್ಟು, “ಗುಂಡಿ ಅಂತ ಬರೆದ್ರೆ ನಾನು ಗುಂಡಿನೇ ತೋಡ್ತೀನಿ ಸಾರ್. ಬೇರೆ ಏನಾದ್ರೂ ಆಗಿದ್ರೆ ಬೇರೆ ಬರೀಬೇಕಿತ್ತು” ಅಂದ. ಅಪ್ಪ ಅಲ್ಲಿಯವರೆಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ಕಣ್ಣಲ್ಲಿ ನೀರು ಬಂದಿತ್ತು. ಕಾರ್ಯದರ್ಶಿ ಸಿಡುಕಿದರು: “ಬೇರೆ ಏನು ಬರೀಲಿ? ಗುಂಡಿ ತೂರಿಸೋ ತೂತಿಗೂ ಒಂದು ಹೆಸರಿರುತ್ತಾ? ತೂತು ತಾನೇ!”

ಅಪ್ಪನ ನಗು ಅರ್ಧಕ್ಕೆ ನಿಂತಿತು. ಯಾರೋ ಯಂತ್ರದ ಚಕ್ರವನ್ನು ಕೈಯಲ್ಲಿ ಹಿಡಿದು ನಿಲ್ಲಿಸಿದ ಹಾಗೆ. “ಇದೆ ಸ್ವಾಮಿ” ಅಂದರು. “ಕಾಜ ಅಂತಾರೆ.” ಆಮೇಲೆ ಎದ್ದು ನಿಂತರು, ಅಪ್ಪ ಕಮಿಟಿಯ ಮುಂದೆ ಎದ್ದು ನಿಂತು ಮಾತಾಡಿದ್ದನ್ನು ನಾನು ನೋಡಿರಲಿಲ್ಲ. “ತೂತಂದ್ರೆ ಇಲಿ ಕೂಡ ಮಾಡುತ್ತೆ. ಇದಕ್ಕೆ ಅಂಚು ಕಟ್ಟಬೇಕು. ವರ್ಷಾ ವರ್ಷಾ ಒಂದೇ ಜಾಗದಲ್ಲಿ ಕತ್ತರಿಸಿ, ಮುಚ್ಚಿ, ಮತ್ತೆ ಕತ್ತರಿಸಿದ್ರೆ ಬಟ್ಟೆ ಉಳಿಯುತ್ತಾ? ಉಳಿದಿದೆ ನೋಡಿ.” ಅಷ್ಟು ಹೇಳಿ ನನ್ನ ಕಡೆ ತಿರುಗಿದರು. ನಾನು ಏನೂ ಅನ್ನಲಿಲ್ಲ ಅಮ್ಮಾ, ಆಣೆ. ಹುಬ್ಬು ಸ್ವಲ್ಪ ಮೇಲೆ ಹೋಗಿರಬಹುದು, ಅದು ನನ್ನ ಕೈಯಲ್ಲಿಲ್ಲ. ಅಪ್ಪ ಚಪ್ಪಲಿ ನೋಡಿಕೊಳ್ಳುತ್ತಾ ಮನೆಯವರೆಗೂ ಬಂದರು.

ಅಂದಿನಿಂದ ಅಂಗಡಿಯಲ್ಲಿ ಒಂದು ರಹಸ್ಯ ನಡೆಯುತ್ತಿದೆ. ಮಧ್ಯಾಹ್ನ ಬಾಗಿಲು ಅರ್ಧ ಮುಚ್ಚಿ, “ಪ್ಯಾಂಟಿಂದು ಅರ್ಜೆಂಟ್ ಕೆಲಸ” ಅನ್ನುತ್ತಾರೆ. ನಾನು ಕಸ ಎತ್ತಲು ಹೋದರೆ ಬುಟ್ಟಿಯ ತುಂಬ ಚೂರು ಬಟ್ಟೆ, ಚೂರಿಗೊಂದೊಂದು ಕಾಜ! ಒಂದು ಆಕಳಿಸುತ್ತಿದೆ, ಒಂದು ತುಟಿ ಊದಿಸಿಕೊಂಡಿದೆ, ಒಂದು ಯಾವ ಗುಂಡಿಯನ್ನೂ ಒಳಗೆ ಬಿಡೆನೆಂದು ಹಲ್ಲು ಕಚ್ಚಿಕೊಂಡಿದೆ. ಸೂಟು ಕತ್ತರಿಸಿದರೆ ಊರೇ ಮೆಚ್ಚುವ ಕೈ ಅದು! ಮೊನ್ನೆ ನಿನ್ನ ಬೆರಳಿಗೆ ಹಾಕುವ ಪುಟ್ಟ ಲೋಹದ ಟೊಪ್ಪಿಯನ್ನು ತಮ್ಮ ಬೆರಳಿಗೆ ತುರುಕಿಕೊಂಡು, ಅದು ಬರದೆ, ಸೋಪು ನೀರಿನಲ್ಲಿ ಕೈಯದ್ದಿ ಕೂತಿದ್ದರು. ಏನಾಯಿತು ಅಂದರೆ “ಬೆರಳಿಗೆ ಉಷ್ಣ” ಅಂದರು. ನಾನೂ ಒಂದು ಪ್ರಯತ್ನಿಸಿದೆ. ಅಪ್ಪ ಅದನ್ನು ಬೆಳಕಿಗೆ ಹಿಡಿದು, “ಇದನ್ನ ಹುಲ್ಲಯ್ಯನಿಗೆ ಕೊಡು, ಮುಚ್ಚುತ್ತಾನೆ” ಅಂದರು. ನಿನ್ನ ಮಗಳು ಹೆಸರಿಗಷ್ಟೇ ಸೂಜಿ, ನೀನು ಆ ಹೆಸರಿಟ್ಟದ್ದೂ ನಾಲಿಗೆಗೆ, ಕೈಗಲ್ಲ.

ಪ್ರಶಸ್ತಿ ಕೊಡುವುದು ಇಪ್ಪತ್ತನಾಲ್ಕಕ್ಕೆ, ಶನಿವಾರ. ಕೋಟು ಇನ್ಯಾರದೋ ಕೈಗೆ ಹೋಗುವುದಿಲ್ಲ ಅಂತ ಅಪ್ಪ ಹಟ ಹಿಡಿದಿದ್ದಾರೆ. ನಿನ್ನನ್ನು ಕರೆಯಲೂ ಬಾಯಿ ಬರುತ್ತಿಲ್ಲ. ದಿನಕ್ಕೊಂದು ನೆಪ ತೆಗೆಯುತ್ತಾರೆ. “ನಿಮ್ಮಮ್ಮನ ಹಳೇ ಕನ್ನಡಕ ಇಲ್ಲೇ ಇದೆ, ಕಳಿಸ್ಬೇಕೇನೋ” ಅಂದರು. ಎರಡು ವರ್ಷದಿಂದ ಅದು ಇಲ್ಲೇ ಇದೆ, ಅದರ ಒಂದು ಗಾಜೂ ಇಲ್ಲ. ನಾನು ಬಾ ಅಂತ ಬರೆಯುವುದಿಲ್ಲ ಅಮ್ಮಾ. ಬರಬೇಡ ಅಂತಲೂ ಬರೆಯುವುದಿಲ್ಲ. ಕೋಟು ನೋಡಿದರೆ ಎಡಕ್ಕೂ ಮುಚ್ಚದೆ ಬಲಕ್ಕೂ ಮುಚ್ಚದೆ ಗೊಂಬೆಯ ಮೇಲೆ ಬಾಯಿ ಬಿಟ್ಟುಕೊಂಡು ನಿಂತಿದೆ, ಅದರ ಎದುರು ಕೂತ ಅಪ್ಪನೂ ಅಷ್ಟೇ, ಅಂತ ಮಾತ್ರ ತಿಳಿಸುತ್ತೇನೆ. ಪುಸ್ತಕದಲ್ಲಿ ‘ಕಾಜ’ ಅನ್ನುವ ಅಧ್ಯಾಯಕ್ಕೆ ಜಾಗ ಬಿಟ್ಟಿದ್ದೇನೆ. ಅದರಲ್ಲಿ ಅಜ್ಜಿಯೂ ನೀನೂ ಇರುತ್ತೀರಿ, ಅಧ್ಯಕ್ಷರಿಗೆ ಗಾಂಭೀರ್ಯ ಸಾಲದಿದ್ದರೆ ಅವರ ಮುನ್ನುಡಿಯಿಂದ ಸ್ವಲ್ಪ ಕತ್ತರಿಸಿ ಇಲ್ಲಿಗೆ ತೇಪೆ ಹಾಕಿಕೊಳ್ಳಲಿ.

ಅಕ್ಕನಿಗೆ ನನ್ನ ನೆನಪು, ಭಾವನ ಗೊರಕೆಗೆ ನನ್ನ ಗೌರವ, ಪಾಪುವಿನ ಮೂರೂ ಹಲ್ಲಿಗೆ ಒಂದೊಂದು ಮುತ್ತು. ಮಂಡಿ ಜೋಪಾನ.

ನಿನ್ನ ಕಿರಿಮಗಳು,
ಸೂಜಿ

ಮರೆತಿದ್ದೆ, ಇಲ್ಲ, ಮರೆತದ್ದಲ್ಲ, ಈಗಷ್ಟೇ ಆದದ್ದು: ಮೇಲಿನದನ್ನೆಲ್ಲ ಅಂಚೆಗೆ ಅಂತ ಬರೆದಿದ್ದೆ. ಈಗ ಅಪ್ಪ ಮೆಟ್ಟಿಲು ಹತ್ತಿ ಬಂದರು. ಕ್ಷೌರ ಆಗಿದೆ. ಮದುವೆಗೆ ಹಾಕುವ ಅಂಗಿ ಹಾಕಿದ್ದಾರೆ. ನಡು ವಾರದಲ್ಲಿ, ಹಾಡುಹಗಲಲ್ಲಿ ಅಂಗಡಿಗೆ ಬೀಗ! “ಪತ್ರ ಬರೀತಿದ್ದೀಯಾ? ಕೊಡು, ನಾನೇ ತಗೊಂಡು ಹೋಗ್ತೀನಿ. ಹೇಗೂ ಆ ಕಡೆ ಹೊರಟಿದ್ದೆ” ಅಂದರು. ಆ ಕಡೆ ಅಂದರೆ ರೈಲಿನಲ್ಲಿ ಒಂದು ರಾತ್ರಿ. ಕೈಯಲ್ಲಿ ಚೀಲ, ಚೀಲದಲ್ಲಿ ಕೋಟು. ಕೆಳಗೆ ಡ್ರೈವರಕ್ಕ ಬಸ್ಸು ನಿಲ್ಲಿಸಿಕೊಂಡು ಹಾರ್ನ್ ಮೇಲೆ ಹಾರ್ನ್ ಒತ್ತುತ್ತಿದ್ದಾಳೆ, ಅದಕ್ಕೇ ಅಕ್ಷರ ಹೀಗೆ. ದಾರಿಯಲ್ಲಿ ಅವರು ಓದದಿರಲಿ ಅಂತ ಲಕೋಟೆಯ ಬಾಯಿಗೆ ಹೊಲಿಗೆ ಹಾಕುತ್ತೇನೆ; ಹೊಲಿಗೆ ನನ್ನದು, ಉಗುರಿನಲ್ಲೇ ಬಿಚ್ಚೀತು. ಅಂಗಿಯ ಜೇಬಿನಲ್ಲಿ ಒಂದು ಚೂರು ಬಟ್ಟೆ ಇದೆ, ಅವರು ಮಾಡಿದ್ದರಲ್ಲಿ ಅದೇ ಅತ್ಯುತ್ತಮ ಕಾಜವಂತೆ. ಅವರಾಗಿ ತೋರಿಸುವುದಿಲ್ಲ, ನೀನೇ ಕೇಳು. ನಗಬೇಡ. ಸರಿ, ನಗು, ಆದರೆ ಆಮೇಲೆ. ಒಂದು ವಾಕ್ಯವನ್ನೂ ಬಾಯಿಪಾಠ ಮಾಡಿಕೊಂಡಿದ್ದಾರೆ, ಬಚ್ಚಲಲ್ಲಿ ಹೇಳಿಕೊಳ್ಳುತ್ತಿದ್ದದ್ದು ನನಗೆ ಕೇಳಿಸಿತು. ನಿನ್ನ ಮುಖ ನೋಡಿದ ಕೂಡಲೇ ಅದು ಮರೆತುಹೋಗಿ, “ಮಳೆ ಬರೋ ಹಾಗಿದೆ” ಅನ್ನುತ್ತಾರೆ. ಅದನ್ನೇ ಆ ವಾಕ್ಯ ಅಂತ ತಿಳಿದುಕೋ.

ಅಯ್ಯೋ! ಈಗ ಹೊಳೆಯಿತು. ನೀನು ಇಷ್ಟುದ್ದ ಪತ್ರವನ್ನು ಮೊದಲಿನಿಂದ ಓದಿಕೊಂಡು ಬರುತ್ತೀಯ, ಅಲ್ಲಿಯವರೆಗೂ ಅವರು ಬಾಗಿಲಲ್ಲೇ ನಿಂತಿರುತ್ತಾರೆ! ಅಮ್ಮಾ, ಒಳಗೆ ಕರಿಯೇ!